ಮುಚ್ಚಳ ತಿರುವಿದಾಗ

ನಲವತ್ತು ನಿಮಿಷ, ಗಡಿಯಾರ ಕಟ್ಟಿಕೊಂಡ ಹಾಗೆ.
ಸುಂಕದಕಟ್ಟೆ ಬಿಟ್ಟಾಗ ಗಾಡಿ ಚೆನ್ನಾಗೇ ಇರುತ್ತೆ,
ಗೊರಗುಂಟೆಪಾಳ್ಯದ ಸಿಗ್ನಲ್ಲಲ್ಲೂ ಏನೂ ಇಲ್ಲ.
ಪೀಣ್ಯದ ಫ್ಲೈಓವರ್ ಏರುವಾಗ
ಒಂದು ಸಣ್ಣ ಬಿಕ್ಕಳಿಕೆ.
ಆಕ್ಸಲರೇಟರ್ ತಳಕ್ಕೆ ಒತ್ತಿದರೂ ಕಾಲಿಗೆ ಏನೂ ಸಿಗುವುದಿಲ್ಲ,
ಬತ್ತಿದ ಬಾವಿಗೆ ಬಿಂದಿಗೆ ಬಿಟ್ಟ ಹಾಗೆ.
ಆಮೇಲೆ ಸದ್ದೇ ಇಲ್ಲ.
ಹಿಂದೆ ಮುನ್ನೂರು ಹಾರನ್ನು, ಗಾಡಿಯ ಬೆನ್ನ ಮೇಲೆ
ನಾಲ್ಕು ಕೊಪ್ಪರಿಗೆ, ಆರು ಕೊಳಗ, ಇನ್ನೂರು ಲೋಟ,
ನೆಲಮಂಗಲದ ಛತ್ರದಲ್ಲಿ
ಒಲೆ ಹಚ್ಚಿ ಕಾಯುತ್ತಿರುವ ಭಟ್ಟರ ಫೋನು.

ಕಾಲು ಗಂಟೆ ಬಿಟ್ಟರೆ
ಏನೂ ಆಗದವರ ಹಾಗೆ ಸ್ಟಾರ್ಟ್ ಆಗುತ್ತೆ.
ಅದೇ ನನಗೆ ಸಿಟ್ಟು. ಕೆಟ್ಟರೆ ಪೂರ್ತಿ ಕೆಡಬೇಕು.

ಮೊದಲನೆಯವನು ಫಿಲ್ಟರ್ ಬದಲಾಯಿಸಿದ.
ತಳದಲ್ಲಿ ಒಂದು ಚಮಚ ನೀರಿತ್ತು,
ತೋರಿಸಿ ಗೆದ್ದವನಂತೆ ನಕ್ಕ.
ಎರಡನೆಯವನು ರಬ್ಬರ್ ಪೈಪು, ತಾಮ್ರದ ವಾಷರ್ರು ಹೊಸದು ಹಾಕಿ
ಕೈಪಂಪು ಒತ್ತಿ ಒತ್ತಿ ಗಾಳಿ ತೆಗೆದ,
ಡೀಸೆಲ್ ಅವನ ಮೊಣಕೈವರೆಗೆ ಇಳಿಯಿತು.
ಕಲಾಸಿಪಾಳ್ಯದಲ್ಲಿ ನಾಲ್ಕೂ ಇಂಜೆಕ್ಟರ್ ಬಿಚ್ಚಿ
ಗಾಜಿನ ಕೊಳವೆಗೆ ಉಗುಳಿಸಿ ನೋಡಿದರು.
ನಾಲ್ಕೂ ಸಮ ಇತ್ತು. ಬಿಲ್ಲು ನನಗೆ.
ಸ್ಕ್ಯಾನರು ಪ್ರೆಶರ್ ಕಮ್ಮಿ ಅಂತ ಬರೆಯಿತು,
ಯಾಕೆ ಅಂತ ಬರೆಯಲಿಲ್ಲ.

ಎಲ್ಲರೂ ಮಾತಾಡಿದ್ದು ಮುನೇಶನ ಜೊತೆ.
ಲೋಟ ಎಣಿಸುವ ಹುಡುಗ, ಲೈಸೆನ್ಸೂ ಇಲ್ಲ.
ಹನ್ನೊಂದು ವರ್ಷ ಸ್ಟಿಯರಿಂಗ್ ಹಿಡಿದ ನನಗೆ
ನೆರಳಲ್ಲಿ ಕೂತ್ಕೊಳಿ ಅಮ್ಮಾ ಅಂದರು.
ಬಂಕಿನಲ್ಲಿ ಮುಚ್ಚಳ ತಿರುವಿದಾಗ ಟ್ಯಾಂಕು ಉಸ್ಸ್ ಅನ್ನುತ್ತೆ, ಅಂದೆ.
ಸ್ಪ್ಯಾನರ್ ಸದ್ದಲ್ಲಿ ಹೋಯಿತು.

ಶ್ರೀರಾಮಪುರದ ಆರೋಗ್ಯಸ್ವಾಮಿ
ಬಾನೆಟ್ ಎತ್ತಲೇ ಇಲ್ಲ.
ಮರದ ಪೆಟ್ಟಿಗೆ ಮೇಲೆ ಕೂತು, ಕನ್ನಡಕ ಅಂಗಿಗೆ ಒರೆಸುತ್ತ
ಯಾವಾಗಿಂದ? ಅಂದರು.
ಶ್ರಾವಣ ಹುಟ್ಟಿದ ಮೇಲೆ.
ಅದಕ್ಕೂ ಮುಂಚೆ?
ಆಷಾಢ. ಮದುವೆ ಇಲ್ಲ, ಪಾತ್ರೆಗೆ ಬಾಡಿಗೆ ಇಲ್ಲ,
ತಿಂಗಳಿಡೀ ಖಾಲಿ ಸೈಟಿನಲ್ಲಿ ನಿಂತಿತ್ತು.
ಟ್ಯಾಂಕು ತುಂಬಿದ್ದಾಗ ಬೇಗ ನಿಲ್ಲುತ್ತೋ, ಅರ್ಧ ಇದ್ದಾಗಲೋ?
ಇದನ್ನು ಯಾರೂ ಕೇಳಿರಲಿಲ್ಲ.
ಉತ್ತರ ನನ್ನ ಹತ್ತಿರ ಇತ್ತು. ತುಂಬಿದ್ದಾಗ.
ಉಸ್ಸ್ ಅನ್ನುವುದನ್ನೂ ಮತ್ತೆ ಹೇಳಿದೆ.

ಅವರು ಎದ್ದರು.
ಓಡಿಸಿಕೊಂಡು ಹೋಗಮ್ಮ. ನಿಂತಾಗ
ಬರೀ ಮುಚ್ಚಳ ತಿರುವು, ಬೇರೇನೂ ಮುಟ್ಟಬೇಡ.

ನಿಂತಿತು. ತಿರುವಿದೆ.
ಗಾಳಿ ಒಳಕ್ಕೆ ನುಗ್ಗಿತು,
ಸೆರಗಿನ ತುದಿಯನ್ನೂ ಎಳೆದುಕೊಳ್ಳುವಷ್ಟು.
ಕೀ ಕೊಟ್ಟೆ, ಒಂದೇ ಸಲಕ್ಕೆ ಬಂತು.

ವಾಪಸ್ ಹೋದಾಗ ಗಾಡಿಯ ಕೆಳಗೆ ಗೋಣಿ ಹಾಸಿ ಮಲಗಿದರು,
ಎಪ್ಪತ್ತರ ಮುದುಕ, ಕೈಯಲ್ಲಿ ಸೈಕಲ್ಲಿನ ಕಡ್ಡಿ, ಬಾಯಲ್ಲಿ ಟಾರ್ಚು.
ಟ್ಯಾಂಕಿನ ಗಾಳಿ ಕೊಳವೆಯ ಬಾಯಿಗೆ
ಕುಂಬಾರ ಹುಳ ಮನೆ ಕಟ್ಟಿತ್ತು.
ಕೆಂಪುಮಣ್ಣು, ಹೆಬ್ಬೆರಳ ಉಗುರಷ್ಟು, ಗಟ್ಟಿ.
ಒಡೆದರೆ ಒಳಗೆ ಮೂರು ಹಸಿರು ಹುಳ, ಮಡಚಿ ಜೋಡಿಸಿದ್ದು,
ತಾಯಿ ಇಟ್ಟುಹೋದ ಬುತ್ತಿ.
ಉಣ್ಣಬೇಕಾದದ್ದು ಹುಟ್ಟೇ ಇರಲಿಲ್ಲ.

ಡೀಸೆಲ್ ಹೊರಗೆ ಬರಬೇಕಾದರೆ ಗಾಳಿ ಒಳಗೆ ಹೋಗಬೇಕು, ಅಂದರು,
ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೀತೀರಲ್ಲ ನೀವು, ಅದೇ.

ಮೂವತ್ತೊಂದು ಸಾವಿರ ಖರ್ಚಾಗಿತ್ತು.
ಎಣ್ಣೆ ಡಬ್ಬಕ್ಕೆ ನಾನು ಎರಡನೇ ತೂತು ಹೊಡೆಯಲು ಕಲಿತದ್ದು
ಎಂಟನೇ ವಯಸ್ಸಿನಲ್ಲಿ, ಅಪ್ಪ ಕೊಟ್ಟ ಮೊಳೆಯಿಂದ.

ಮುನ್ನೂರು ಕೇಳಿದರು. ಚೌಕಾಸಿ ಮಾಡಲಿಲ್ಲ.
ಕೊಳವೆಯ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿಸಿಕೊಂಡೆ.

ಈಗ ಏರಿನಲ್ಲಿ ಕೇಳುವುದು
ಕೊಪ್ಪರಿಗೆಗೆ ಕೊಪ್ಪರಿಗೆ ತಾಗುವ ಸದ್ದು, ಅಷ್ಟೇ.
ಆದರೂ ನಲವತ್ತನೇ ನಿಮಿಷಕ್ಕೆ
ಕೈ ತಾನಾಗಿ ಹೋಗುತ್ತೆ
ನಾಲ್ಕೂ ದೀಪ ಮಿಣುಕಿಸುವ ಕೆಂಪು ಗುಂಡಿಗೆ.
ಒತ್ತುವುದಿಲ್ಲ. ಮೇಲೆ ಇಟ್ಟುಕೊಂಡಿರುತ್ತೇನೆ,
ಟೋಲ್ ಕಾಣುವವರೆಗೆ.