ಗಂಟು ಬಿಡಿಸೋ ಕೆಲಸ

ಭಾಗ್ಯನಗರದ ಶೆಡ್ಡಿನಾಗ ನಮ್ಮಿಬ್ಬರದು ಒಂದೇ ಚಾಪೆ,
ಕಿಟಕಿ ಮಗ್ಗಲದ್ದು.
ಹದಿನೇಳು ವರ್ಷ
ಯಾರ್ಯಾರದೋ ತಲೆಗೂದಲ ಉಂಡಿ ಮುಂದಿಟ್ಟುಕೊಂಡು
ಸೂಜಿಯಿಂದ ಒಂದೊಂದೇ ಎಳೆ ಬಿಡಿಸೋದು.
ಬಿಳೀದು ಬ್ಯಾರೆ, ಕರೀದು ಬ್ಯಾರೆ,
ಗೇಣುದ್ದದ್ದು ಬ್ಯಾರೆ, ಮೊಳದುದ್ದದ್ದು ಬ್ಯಾರೆ.
ಹರದರ ಕೂಲಿ ಕಡಿಮಿ.

ಹುಲಿಗೆವ್ವ, ನೀ ಮೊದಲು ನನಗ ಹೇಳಿದ್ದು
ಊಟದ ಹೊತ್ತಿನಾಗ, ರೊಟ್ಟಿ ಮುರಕೋತ:
"ಖಾಜಾಬಿ, ಇಲ್ಲೊಂದು ಗಂಟು ಐತಿ, ಮುಟ್ಟಿ ನೋಡು."
ನಾ ಮುಟ್ಟಲಿಲ್ಲ.
ಕೈಗೆ ಪುಂಡಿಪಲ್ಯ ಹತ್ತೇತಿ ಅಂದೆ.
ಅವತ್ತು ನನ್ನ ಡಬ್ಬಿಯಾಗಿದ್ದದ್ದು
ಬರೇ ಶೇಂಗಾ ಹಿಂಡಿ.
ನಿನಗ ಗೊತ್ತಿತ್ತು. ಏನೂ ಅನ್ನಲಿಲ್ಲ.

ಆಮ್ಯಾಲೆ ಹುಬ್ಬಳ್ಳಿ.
ನಸುಕಿನ ರೈಲು. ಬಾನಾಪುರ, ತಳಕಲ್, ಬನ್ನಿಕೊಪ್ಪ.
ಹೆಸರು ಓದಾಕ ಬರದ ನೀ
ಗಿಡ ನೋಡಿ ಸ್ಟೇಶನ್ ಗುರುತು ಹಿಡೀತಿದ್ದಿ.
ನಿನ್ನ ಗಂಡ ಮೊದಲೆರಡು ಸಲ ಬಂದ.
ಮೂರನೇ ಸಲ ಚಹಾ ಕುಡಿಯಾಕಂತ ಹೋದಾವ
ಸಂಜಿಗೆ ಬಂದ, ಕಣ್ಣು ಕೆಂಪು ಮಾಡಿಕೊಂಡು.
ಕುಡಿದಿರಲಿಲ್ಲ. ಅತ್ತಿದ್ದ.
ನಾಲ್ಕನೇದಕ್ಕ ನಾನೇ ನಿಂತೆ ಟಿಕೆಟಿನ ಸಾಲಿನಾಗ.
ಒಂದಿನದ ಕೂಲಿ ಹೋತು ಅಂತ ಲೆಕ್ಕ ಹಾಕಿದೆ.
ಸುಳ್ಳ್ಯಾಕ ಹೇಳಲಿ, ಹಾಕಿದೆ.

ಮೇಲೆ ಬಾಟ್ಲಿ, ಕೆಳಗ ನೀನು, ನಡುವ ನಾ ಎಣಿಸೋ ಹನಿ.
"ಏನೂ ಆಗಂಗಿಲ್ಲ ಬಿಡು" ಅಂದೆ ಒಮ್ಮೆ.
ನೀ ತಿರುಗಿ ನೋಡಿದಿ:
"ಆಗೇತಲ್ಲ ಖಾಜಾ, ಆಗೇತಿ.
ಆಗಿದ್ದನ್ನ ಆಗಿಲ್ಲ ಅನ್ನಾಕ ಇಲ್ಲೀತನ ಬಂದೇನು?"
ಅವತ್ತಿಂದ ಸುಮ್ಮ ಕುಂಡ್ರೋದು ಕಲಿತೆ.
ಅದೂ ಒಂದು ಕೆಲಸ.
ಕೂಲಿ ಇಲ್ಲ, ಬೆನ್ನು ಮಾತ್ರ ಹಿಡೀತೈತಿ.

ಕೂದಲು ಉದುರಿದ ವಾರ
ಅದನ್ನ ಪ್ಲಾಸ್ಟಿಕ್ ಚೀಲದಾಗ ಕೂಡಿಟ್ಟು ಶೆಡ್ಡಿಗೆ ತಂದಿ,
ತೂಕದ ಯಂತ್ರದ ಮ್ಯಾಲಿಟ್ಟಿ.
"ಇದಕ್ಕೆಷ್ಟು ಕೊಡ್ತೀರಿ ಸಾವ್ಕಾರ್ರ?"
ಸಾವ್ಕಾರ ಬೆವೆತ.
ಹದಿನೆಂಟು ಹೆಂಗಸರು ಸೂಜಿ ಕೆಳಗಿಟ್ಟರು.
"ನರೆಗೂದಲು ತಗದು ತೂಗ್ರಿ,
ಆಮ್ಯಾಲೆ ಮೋಸ ಅನ್ನಬ್ಯಾಡ್ರಿ" ಅಂತ
ನೀನೇ ಮೊದಲು ನಕ್ಕಿ.
ಆಮ್ಯಾಲೆ ಎಲ್ಲಾರೂ, ಎಷ್ಟೊತ್ತೋ.
ನಗು ಯಾವುದು ಅಳು ಯಾವುದು
ಬ್ಯಾರೆ ಮಾಡಾಕ ಬರಲಿಲ್ಲ
ದಿನಾ ಎಳೆ ಬ್ಯಾರೆ ಮಾಡೋರಿಗೆ.

ವಿಗ್ ಕೊಡಸ್ತೀನಂದರು. ನೀ ಒಲ್ಲೆ ಅಂದಿ.
"ಯಾರ ಜಡಿಯೋ, ಯಾವ ದೇವರಿಗೆ ಹೊತ್ತಿದ್ದೋ!
ಖಾಜಾ, ನಿನ್ನ ಹಸರು ಓಢಣಿ ಕೊಡು."
ರಂಜಾನಿಗೆ ತಗೊಂಡಿದ್ದು, ಒಂದ ಸಲ ಹೊದ್ದಿದ್ದೆ.
ಕೊಟ್ಟೆ.
ರೈಲಿನ ಟಿಸಿ ನಮ್ಮಿಬ್ಬರ ಮುಚ್ಚಿದ ತಲಿ ನೋಡಿ
"ಅಕ್ಕ-ತಂಗೇರೇನ್ರಿ?" ಅಂದ.
"ಹೌದ್ರೀ" ಅಂದಿ, "ನಾನೇ ಸಣ್ಣಾಕಿ."

ಆಪರೇಶನ್ ಆದಮ್ಯಾಲೆ
ಗಾಯದ ಬಟ್ಟಿ ಬದಲಿಸಿದಾಕಿ ನಾನೇ.
ಆಗ ಕೈಗೆ ಏನೂ ಹತ್ತಿರಲಿಲ್ಲ.

ನಿನ್ನೆ ಬರೋವಾಗ ಅಣ್ಣಿಗೇರಿ ದಾಟಿ
ಓಢಣಿ ಜಾರಿತು, ನಿನ್ನ ತಲಿ ನನ್ನ ಹೆಗಲಿಗೆ ಬಂತು.
ಬೆಚ್ಚಗಿತ್ತು, ಕೂಸಿನ ನೆತ್ತಿಯಂಗ.
ಹದಿನೇಳು ವರ್ಷ ಬರೇ ಕೂದಲು ಹಿಡಿದ ಕೈ,
ತಲಿ ಹೆಂಗ ಹಿಡೀಬೇಕಂತ ತಿಳೀಲಿಲ್ಲ.
ಹಿಡಿದೆ.

ಕೊಪ್ಪಳ ಬಂತು. ಎಬ್ಬಿಸಬೇಕಿತ್ತು.
ಗಿಣಿಗೇರಿಗೆ ಹೋಗಿ ಇಳಿದ್ವಿ, ಕತ್ತಲಿನ್ಯಾಗ.
"ಬೋರ್ಡು ಓದಾಕ ಬರ್ತೈತಿ ನಿನಗ,
ಇಳಿಸಾಕ ಬರಲಿಲ್ಲ ನೋಡು" ಅಂತ ಬೈದಿ,
ಆಟೋ ಸಿಗೋತನ ಬೈದಿ,
ನಾ ಸುಮ್ಮ ಕೇಳಿಸಿಕೊಂಡೆ.