ಬೇಲಿಗೂಟದ ಬಾಟಲಿ

ಪಣಪುಳಿ ಮರಕ್ಕೆ ಸರ್ವೇ ನಂಬರು ಗೊತ್ತಿಲ್ಲ.
ಬುಡ ನಮ್ಮದು, ಅರ್ಧ ಕೊಂಬೆ ಪೂವಯ್ಯನದು,
ರಾತ್ರಿ ಬಿದ್ದ ಹಣ್ಣು ಯಾರದೆಂದು
ಚೆಯ್ಯಂಡಾಣೆಗೆ ಅಳೆಯಲು ಬಂದವನೂ ಹೇಳಲಿಲ್ಲ.

ಕುಕ್ಕೆಯಲ್ಲಿ ಕೊಳೆಯಲು ಬಿಟ್ಟೆ.
ನಾಲ್ಕು ದಿನ ತೊಟ್ಟಿಕ್ಕಿತು,
ನೊಣಗಳಿಗೆ ಹಬ್ಬ, ನನಗೆ ತಲೆನೋವು.
ಆಮೇಲೆ ಮಣ್ಣಿನ ಮಡಕೆ, ಒಣಗಿದ ಕಾಫಿಗಿಡದ ಸೌದೆ.

ಅತ್ತೆ ಬೊಳ್ಳಮ್ಮ ಮೂಲೆಯಿಂದಲೇ ಗದರುತ್ತಾರೆ:
"ಸೌಟು ಬಿಡಬೇಡ. ಗಡಿಯಾರ ನೋಡಬೇಡ.
ಉಗುರ ಮೇಲೊಂದು ಹನಿ ಇಡು.
ಓಡಿದರೆ ಇನ್ನೂ ನೀರು,
ಕೂತರೆ ಕಾಚಂಪುಳಿ."

ಓಡಿತು. ಓಡಿತು. ಮತ್ತೂ ಓಡಿತು.
ಎರಡು ಕೊಡ ರಸ ಬತ್ತಿ ಬತ್ತಿ
ನಡುರಾತ್ರಿ ದಾಟಿದ ಮೇಲೆ
ಕೂತಿತು,
ಎಮ್ಮೆಕಣ್ಣಿನ ಕಪ್ಪು.

ಮಿಲಿಟರಿ ಕ್ಯಾಂಟೀನಿನ ರಮ್ಮಿನ ಬಾಟಲಿ ಮೂರು ತೊಳೆದಿಟ್ಟಿದ್ದೆ,
ಮೂರನೆಯದು ತುಂಬಲಿಲ್ಲ.
ತುಂಬಿದ್ದರಲ್ಲಿ ಒಂದನ್ನು ಅತ್ತೆ
ಬೇಲಿಗೂಟದ ಮೇಲಿಟ್ಟು ಬಂದರು.
ಹನ್ನೊಂದು ವರ್ಷ ಆ ಮನೆಯೊಡನೆ ಮಾತಿಲ್ಲ,
ಹನ್ನೊಂದು ಬಾಟಲಿ ಹೋಗಿವೆ.
ಖಾಲಿಯಾದದ್ದು ತೊಳೆದು, ಮುಚ್ಚಳ ಬಿಗಿದು
ಅದೇ ಗೂಟಕ್ಕೆ ಬರುತ್ತದೆ.

ಭಾನುವಾರ ಆ ಕಡೆಯಿಂದ
ಹಂದಿಮಾಂಸ ಬೇಯುವ ಪರಿಮಳ.
ಅತ್ತೆ ಮೂಗರಳಿಸಿ ನಿಂತರು,
"ಹುಳಿ ಬೇಗ ಹಾಕಿಬಿಟ್ಟಳು, ದಡ್ಡಿ.
ಎಷ್ಟು ವರ್ಷವಾದರೂ ಕಲಿಯಲಿಲ್ಲ."