ಎರಡರಿಂದ ಎಂಟು ಡಿಗ್ರಿ

ಅಂಗಡಿಯ ಹಿಂಬದಿಯ ಫ್ರಿಜ್ಜಿಗೆ
ಪಾಸ್‌ಪೋರ್ಟು ಓದಲು ಬರುವುದಿಲ್ಲ.
ಎರಡರಿಂದ ಎಂಟು ಡಿಗ್ರಿ, ಅಷ್ಟೇ ಅದರ ಧರ್ಮ.
ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ
ಅದರ ಜ್ವರ ನೋಡಿ ಪುಸ್ತಕದಲ್ಲಿ ಬರೆಯುವವಳು ನಾನು.
ಹೊರಗೆ ರಾಬಿನ್‌ವೇಲ್ ನಲವತ್ತೆರಡರಲ್ಲಿ ಬೇಯುತ್ತದೆ.
ಮರ್ರೆ ನದಿಯೂ ನೆರಳಿಗೆಂದು
ಗಮ್ ಮರಗಳ ಬುಡಕ್ಕೆ ಸರಿದ ಹಾಗಿದೆ.

ಮೊದಲು ಬಂದದ್ದು ಮಿಸೆಸ್ ಹಾಲೊರನ್.
ಹಸಿರು ಕಾರ್ಡು, ಜೊತೆಗೆ ಪಿಂಚಣಿಯ ಕಾರ್ಡು.
ಏಳು ಡಾಲರ್ ಮೇಲೆ ಚಿಲ್ಲರೆ.
ಅದಕ್ಕೂ ಗೊಣಗಿದರು.
ಗೊಣಗುವುದು ಇಲ್ಲಿ ಹುಟ್ಟಿದವರ ಹಕ್ಕು,
ಅದಕ್ಕೆ ಕಾರ್ಡು ಕೇಳುವವರಿಲ್ಲ.

ಆಮೇಲೆ ಜೂಝಾ,
ಮಾಲ್ಟಾದಿಂದ ತಮ್ಮನ ಮನೆಗೆ ಬಂದವಳು,
ಕೈಚೀಲದ ತುಂಬ ಕರವಸ್ತ್ರ, ಜಪಮಣಿ,
ತಳದಲ್ಲಿ ಒಂದು ಹಳದಿ ಕಾರ್ಡು.
ಆರು ತಿಂಗಳು ಇವಳೂ ನಮ್ಮವಳು.
ಎರಡು ಸರ್ಕಾರಗಳು ಎಂದೋ ಒಂದು ಮೇಜಿಗೆ ಕೂತು
ನಿಮ್ಮವರು ಇಲ್ಲಿ ಬಿದ್ದರೆ ನಾವು,
ನಮ್ಮವರು ಅಲ್ಲಿ ಬಿದ್ದರೆ ನೀವು
ಎಂದು ಬೀಗರ ಹಾಗೆ ಮಾತಾಡಿಕೊಂಡಿವೆ.
ಬಿಲ್ಲು ನೋಡಿ ಅವಳು ಕನ್ನಡಕ ತೆಗೆದಳು, ಮತ್ತೆ ಹಾಕಿದಳು.
'ಇಷ್ಟೇನಾ? ಯಾರಿಗೆ ಥ್ಯಾಂಕ್ಸ್ ಹೇಳಲಿ?'
ನನಗೆ ಹೊಳೆಯಲಿಲ್ಲ.
ಫ್ರಿಜ್ಜಿನ ಕಡೆ ಕೈ ತೋರಿಸಿದೆ.

ಮೂರನೆಯವನು ಸೆಮಿಸಿ.
ದ್ರಾಕ್ಷಿ ಕೊಯ್ಯಲು ಟೊಂಗಾದಿಂದ
ಒಂಬತ್ತು ತಿಂಗಳಿಗೆ ಬಂದವನು.
ಬಾಗಿಲಲ್ಲೇ ಬೂಟು ಬಿಡಲು ಹೋದ,
ಬೇಡಪ್ಪಾ ಎಂದೆ.
ಅವನ ದೇಶಕ್ಕೂ ನಮಗೂ ಬೀಗತನ ಕುದುರಿಲ್ಲ.
ವಿಮೆಯ ಕಾಗದ ಇದೆ, ನಾಲ್ಕು ಮಡಿಕೆ, ಬೆವರಿನ ಕಲೆ;
ಮೊದಲೇ ಇದ್ದ ಕಾಯಿಲೆ ಲೆಕ್ಕಕ್ಕಿಲ್ಲ
ಎಂಬ ಸಾಲು ಸರಿಯಾಗಿ ಮಡಿಕೆಯ ಮೇಲೆಯೇ ಬಂದು
ಅರ್ಧ ಅಳಿಸಿದೆ. ಅಳಿಸಿದರೇನು, ಸಾಲು ಸಾಲೇ.

ಅದೇ ಫ್ರಿಜ್ಜು, ಅದೇ ತಟ್ಟು,
ಐದು ಪೆನ್ನುಗಳ ಅದೇ ಡಬ್ಬಿ.
ಇನ್ನೂರರ ಮೇಲೆ ಹೇಳಿತು ಯಂತ್ರ.
ಅವನು ಸಂಬಳದ ಚೀಟಿ ತೆಗೆದು
ತೆರಿಗೆ ಹಿಡಿದ ಜಾಗದಲ್ಲಿ ಬೆರಳಿಟ್ಟ.
ಏನೂ ಹೇಳಲಿಲ್ಲ.
ಆ ಬೆರಳಿನ ಉಗುರಲ್ಲಿ ದ್ರಾಕ್ಷಿಯ ಕರಿ.

'ಒಂದೇ ಒಂದು ಪೆನ್ನು ಸಿಗಬಹುದಾ?'
ನಮ್ಮ ಯಜಮಾನ ಬಾವ್ ಡಬ್ಬಿ ಒಡೆದು ಕೊಟ್ಟ.
ವೈದ್ಯರು ಬರೆದದ್ದು ಹದಿನೆಂಟು ಯೂನಿಟ್ಟು.
'ಒಂಬತ್ತೊಂಬತ್ತು ಹಾಕಿಕೊಳ್ಳುತ್ತೇನೆ,' ಅಂದ ಸೆಮಿಸಿ,
ಮನೆಗೆ ದುಡ್ಡು ಕಳಿಸುವವನ ಲೆಕ್ಕದಲ್ಲಿ.

ತೋಟಕ್ಕೆ ದಿನಾ ಬೆಳಿಗ್ಗೆ ಒಬ್ಬ ಬರುತ್ತಾನೆ.
ಸಾಲಿಗೊಂದು ಹಣ್ಣು ಹಿಂಡಿ,
ಪುಟ್ಟ ದುರ್ಬೀನಿನಂಥದ್ದರಲ್ಲಿ ಕಣ್ಣಿಟ್ಟು
ಸಕ್ಕರೆ ಎಷ್ಟಾಯಿತೆಂದು ನೋಡುತ್ತಾನೆ.
ದ್ರಾಕ್ಷಿಗೆ ಅದು ಪುಕ್ಕಟೆ.

ಏಪ್ರಿಲ್‌ನಲ್ಲಿ ಜೂಝಾ ವಿಮಾನ ಹತ್ತಿದಳಂತೆ.
ಅವಳ ತಮ್ಮ ಕಾರ್ಮ್ನು ಬಂದು
ಕೌಂಟರಿನ ಮೇಲೆ ಬ್ರೆಡ್ಡಿನ ಚೀಲ ಇಟ್ಟ.
ಒಳಗೆ ಎರಡು ಪೆನ್ನು, ಸೀಲು ಒಡೆಯದ್ದು.
'ಬಿಟ್ಟು ಹೋಗಿದ್ದಾಳೆ. ಎಸೆಯೋಕೆ ಕೈ ಬರಲಿಲ್ಲ.'

ನಿಯಮ ನನಗೆ ಬಾಯಿಪಾಠ:
ವಾಪಸು ಬಂದ ಔಷಧ ಮೂಲೆಯ ಡಬ್ಬಕ್ಕೆ,
ಡಬ್ಬ ಬೆಂಕಿಗೆ.
ನಿಯಮ ತಪ್ಪೂ ಅಲ್ಲ, ದಾರಿಯಲ್ಲಿ ಬಿಸಿಯಾಗಿದ್ದರೆ
ಕಣ್ಣಿಗೆ ಕಾಣುವುದಿಲ್ಲ, ಮೈಗೆ ಗೊತ್ತಾಗುತ್ತದೆ.
'ಹೊರಗೆ ಎಷ್ಟು ಹೊತ್ತು ಇತ್ತು?' ಕೇಳಿದೆ.
'ನಡೆದು ಬಂದಷ್ಟು ಹೊತ್ತು,' ಅಂದ ಮುದುಕ.
ಎಷ್ಟು ದೂರದಿಂದ ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಗಾಜಿನಾಚೆ ಕೂಲಿಯವರ ವ್ಯಾನು ನಿಂತಿದೆ.
ಬಾವ್ ಊಟಕ್ಕೆ ಹೋಗಿದ್ದಾನೆ.
ಮೂಲೆಯ ಡಬ್ಬಕ್ಕೆ ಆರು ಹೆಜ್ಜೆ,
ಬಾಗಿಲಿಗೂ ಆರೇ.
ಮುಷ್ಟಿಯೊಳಗೆ ಎರಡು ಪೆನ್ನು
ನನ್ನ ಮೈ ಬಿಸಿಗೆ
ನಿಧಾನಕ್ಕೆ ಕೆಡುತ್ತಿವೆ.